ಹಕ್ಕಿಜ್ವರದ ಲೆಕ್ಕಾಚಾರ



ಕಳಂಬೋಲಿಯ ನಮಗೆ ಹಕ್ಕಿಜ್ವರ ದೂರದ ಸುದ್ದಿಯಲ್ಲ. 2025ರ ಜನವರಿಯಲ್ಲಿ ಅದು ನಮ್ಮದೇ ರಾಯಗಡ ಜಿಲ್ಲೆಯ ಚಿರ್ನೇರಿನಲ್ಲಿ ಕಾಣಿಸಿತು. ಆದರೆ ಅದರ ಆರ್ಥಿಕ ಪೆಟ್ಟನ್ನು ಅರಿಯಲು 2006ರ ಫೆಬ್ರವರಿಯ ನವಾಪುರಕ್ಕೆ ಹೋಗಬೇಕು. ದೇಶದಲ್ಲಿ ಎಚ್5ಎನ್1 ಸಾಕುಕೋಳಿಗಳಲ್ಲಿ ಮೊದಲು ಪತ್ತೆಯಾದದ್ದು ನಂದುರಬಾರ್ ಜಿಲ್ಲೆಯ ಆ ಊರಿನಲ್ಲಿ. ಲಕ್ಷಾಂತರ ಕೋಳಿಗಳನ್ನು ಕೊಂದು ಹೂಳಲಾಯಿತು. ಸೋಂಕು ಅಲ್ಲಿಯದು, ಬೆಲೆ ಕುಸಿದದ್ದು ದೇಶದುದ್ದಕ್ಕೂ. ಚೆನ್ನಾಗಿ ಬೇಯಿಸಿದ ಮೊಟ್ಟೆ ನಿರಪಾಯವೆಂದು ಎಷ್ಟು ಸಾರಿದರೂ ಗಿರಾಕಿ ನಂಬಲಿಲ್ಲ. ರೋಗ ಕಾಣದ ನಮ್ಮ ಕರ್ನಾಟಕದ ಸಾಕಣೆದಾರನೂ ಸೊರಗಿದ: ಕೋಳಿಗೆ ಮೇವು ನಿಲ್ಲಿಸಲಾಗದು, ಮೊಟ್ಟೆಯನ್ನು ಬಹುಕಾಲ ಕೂಡಿಡಲಾಗದು.

ಸರಕಾರದ ಪರಿಹಾರ ಅಧಿಕಾರಿಗಳು ಕೊಂದ ಕೋಳಿಗೆ, ನಾಶಪಡಿಸಿದ ಮೊಟ್ಟೆ-ಮೇವಿಗೆ ಮಾತ್ರ. ರೋಗದಿಂದ ಮೊದಲೇ ಸತ್ತದ್ದಕ್ಕಿಲ್ಲ, ಕುಸಿದ ಬೆಲೆಗಂತೂ ಇಲ್ಲವೇ ಇಲ್ಲ. ಸೋಂಕು ದೃಢಪಟ್ಟರೆ ಸುತ್ತಲ ಒಂದು ಕಿಲೋಮೀಟರಿನ ನೆರೆಯವರ ಕೋಳಿಗಳೂ ಹೋಗುತ್ತವೆ. ಹೀಗಿರುವಾಗ, ಮೊದಲು ಬಾಯಿ ಬಿಡುವವನು ಯಾರು?