ಅಜ್ಜಿಯ ಬೆರಳು, ಮೊಬೈಲಿನ ಗಾಜು

ಮಕ್ಕಳೇ, ಮನೆಯಲ್ಲಿ ಅಜ್ಜಿಯೋ ತಾತನೋ ಸ್ಮಾರ್ಟ್‌ಫೋನ್ ಹಿಡಿದು ಕೂತಾಗ ಅವರ ಬೆರಳನ್ನೇ ಗಮನಿಸಿ. ತೋರುಬೆರಳನ್ನು ನೆಟ್ಟಗೆ ಮಾಡಿ, ಗಾಜಿನ ಮೇಲೆ ಊರಿ, ಸ್ವಲ್ಪ ಹೊತ್ತು ಹಾಗೇ ಒತ್ತಿ ಹಿಡಿಯುತ್ತಾರೆ. ವಾಟ್ಸಾಪ್ ತೆರೆದುಕೊಳ್ಳುವುದಿಲ್ಲ. ಅದರ ಪುಟ್ಟ ಚಿತ್ರ ಜಾಗ ಬಿಟ್ಟು ಅಲುಗಾಡುತ್ತದೆ, ಇಲ್ಲವೇ ಬೇರೆ ಯಾವುದೋ ಪಟ್ಟಿ ಬಂದು ನಿಲ್ಲುತ್ತದೆ. ಅವರು ಇನ್ನೂ ಜೋರಾಗಿ ಒತ್ತುತ್ತಾರೆ. ಅಷ್ಟರಲ್ಲಿ ನೀವು "ಅಯ್ಯೋ, ಕೊಡಿ ಅಜ್ಜಿ ಇಲ್ಲಿ" ಎಂದು ಫೋನ್ ಕಿತ್ತುಕೊಂಡು ಕೆಲಸ ಮುಗಿಸಿಬಿಡುತ್ತೀರಿ. "ನಮಗೆಲ್ಲ ಇದು ಬರಲ್ಲ ಪುಟ್ಟಾ" ಎಂದು ಅಜ್ಜಿ ಸುಮ್ಮನಾಗುತ್ತಾರೆ.

ಅಜ್ಜಿ ಹಾಗೆ ಒತ್ತುವುದಕ್ಕೆ ಕಾರಣವಿದೆ. ಅವರು ಬೆಳೆದ ಕಾಲದ ಯಂತ್ರಗಳೆಲ್ಲ ಬೆರಳಿನಿಂದ ಬಲ ಕೇಳುತ್ತಿದ್ದವು. ಕಪ್ಪು ಟೆಲಿಫೋನನ್ನು ಸಿನಿಮಾದಲ್ಲಾದರೂ ನೋಡಿರುತ್ತೀರಿ. ಅಂಥ ಫೋನುಗಳು ನಮ್ಮ ಬೆಂಗಳೂರಿನಲ್ಲೇ, 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆಯಲ್ಲಿ ತಯಾರಾಗಿ ದೇಶದ ಮೂಲೆಮೂಲೆಗೆ ಹೋಗುತ್ತಿದ್ದವು. ಅದರ ಮುಖದ ಮೇಲೆ ಹತ್ತು ತೂತುಗಳ ಒಂದು ಚಕ್ರ. ಬೇಕಾದ ಅಂಕಿಯ ತೂತಿಗೆ ಬೆರಳಿಟ್ಟು, ತಡೆ ಸಿಗುವ ತನಕ ತಿರುಗಿಸಿ ಬಿಡಬೇಕು. ಚಕ್ರ ಸ್ಪ್ರಿಂಗಿನ ಬಲದಿಂದ ಹಿಂದಕ್ಕೆ ಬರುವಾಗ ತಂತಿಯ ವಿದ್ಯುತ್ತು ಕಡಿದು ಕಡಿದು ಹರಿಯುತ್ತಿತ್ತು. ಮೂರು ತಿರುಗಿಸಿದರೆ ಮೂರು ಸಲ ಕಡಿತ, ಸೊನ್ನೆ ತಿರುಗಿಸಿದರೆ ಹತ್ತು ಸಲ. ಆ ಕಡಿತಗಳನ್ನು ಎಣಿಸಿಯೇ ಟೆಲಿಫೋನ್ ಎಕ್ಸ್‌ಚೇಂಜಿನ ಯಂತ್ರ ಯಾರ ಮನೆಗೆ ಗಂಟೆ ಬಾರಿಸಬೇಕೆಂದು ತಿಳಿದುಕೊಳ್ಳುತ್ತಿತ್ತು. ಅರ್ಧಕ್ಕೇ ಬೆರಳು ತೆಗೆದರೆ ತಪ್ಪು ನಂಬರು. ರೇಡಿಯೋದ ತಿರುಗಣೆ, ಟೈಪ್‌ರೈಟರಿನ ಕೀಲಿ, ಗೋಡೆಯ ಸ್ವಿಚ್ಚು ಕೂಡ ಹಾಗೆಯೇ. ಕೈಗೆ ಪ್ರತಿರೋಧ ಸಿಗಬೇಕು, 'ಟಕ್' ಎನ್ನಬೇಕು. ಆಗಲೇ ಕೆಲಸ ಆಯಿತೆಂದು ಅರ್ಥ.

ಮೊಬೈಲಿನ ಗಾಜಿಗೆ ಈ ಬಲ ಬೇಕಾಗಿಯೇ ಇಲ್ಲ. ಗಾಜಿನ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ, ವಿದ್ಯುತ್ ಹರಿಯುವ ಗೆರೆಗಳ ಬಲೆ ಇರುತ್ತದೆ. ಸಾಮಾನ್ಯವಾಗಿ ಇದನ್ನು ಇಂಡಿಯಂ ಟಿನ್ ಆಕ್ಸೈಡ್ ಎಂಬ ಪಾರದರ್ಶಕ ವಸ್ತುವಿನಿಂದ ಮಾಡುತ್ತಾರೆ. ಅಡ್ಡಗೆರೆಗೂ ಉದ್ದಗೆರೆಗೂ ನಡುವೆ ಒಂದಿಷ್ಟು ವಿದ್ಯುದಂಶ ನಿಂತಿರುತ್ತದೆ. ನಮ್ಮ ಮೈಯಲ್ಲಿ ಉಪ್ಪುನೀರು ತುಂಬಿದೆಯಲ್ಲ, ಹಾಗಾಗಿ ಬೆರಳು ಒಳ್ಳೆಯ ವಾಹಕ. ಅದು ಹತ್ತಿರ ಬಂದ ಜಾಗದಲ್ಲಿ ವಿದ್ಯುದಂಶದ ಪ್ರಮಾಣ ಚೂರು ಬದಲಾಗುತ್ತದೆ. ಫೋನಿನೊಳಗಿನ ಚಿಪ್ ಇಡೀ ಬಲೆಯನ್ನು ಸೆಕೆಂಡಿಗೆ ಹತ್ತಾರು ಸಲ ಪರೀಕ್ಷಿಸುತ್ತ, ಬದಲಾವಣೆ ಎಲ್ಲಾಯಿತೆಂದು ಲೆಕ್ಕ ಹಾಕುತ್ತದೆ.

ಬೇಕಿದ್ದರೆ ಪರೀಕ್ಷಿಸಿ ನೋಡಿ. ಪೆನ್ಸಿಲಿನ ಹಿಂಬದಿಯಿಂದ ಪರದೆ ಮುಟ್ಟಿ. ಎಷ್ಟೇ ಒತ್ತಿದರೂ ಫೋನ್ ಜಪ್ಪಯ್ಯ ಅನ್ನುವುದಿಲ್ಲ. ಬೆರಳಿಗೆ ದಪ್ಪ ಬಟ್ಟೆ ಸುತ್ತಿ ಮುಟ್ಟಿ, ಆಗಲೂ ಇಲ್ಲ. ಈಗ ಒಂದು ಸೌತೆಕಾಯಿ ತುಂಡನ್ನು ಬರಿಗೈಲಿ ಹಿಡಿದು ಅದರಿಂದ ಮುಟ್ಟಿ. ಫೋನ್ ಅದನ್ನು ಬೆರಳೆಂದೇ ತಿಳಿಯುತ್ತದೆ! (ಆಮೇಲೆ ಗಾಜು ಒರೆಸುವುದನ್ನು ಮರೆಯಬೇಡಿ.)

ಅಂದರೆ ಪರದೆ ಕೇಳುವುದು ತೇವವಿರುವ ಚರ್ಮವನ್ನು. ವಯಸ್ಸಾದಂತೆ ಚರ್ಮದ ಎಣ್ಣೆ ಗ್ರಂಥಿಗಳೂ ಬೆವರಿನ ಗ್ರಂಥಿಗಳೂ ಕೆಲಸ ಕಡಿಮೆ ಮಾಡುತ್ತವೆ. ಹೊಲದಲ್ಲಿ ದುಡಿದ, ಪಾತ್ರೆ ತಿಕ್ಕಿದ, ಒಲೆ ಮುಂದೆ ಕೂತ ಕೈಯಾದರೆ ಬೆರಳ ತುದಿಯ ಚರ್ಮ ದಪ್ಪಗೆ, ಒಣಗಿ ಇರುತ್ತದೆ. ಒಣ ಚರ್ಮದಲ್ಲಿ ವಿದ್ಯುತ್ತು ಸಲೀಸಾಗಿ ಹರಿಯದು. ಹಾಗಾಗಿ ಎಷ್ಟೋ ಸಲ ಅಜ್ಜಿ ಮುಟ್ಟಿದ್ದು ಫೋನಿಗೆ ಗೊತ್ತೇ ಆಗುವುದಿಲ್ಲ. ನ್ಯಾಯಬೆಲೆ ಅಂಗಡಿಯ ಮುಂದೆ "ಹೆಬ್ಬೆಟ್ಟು ತಗೊಳ್ತಾ ಇಲ್ಲ" ಎಂದು ಹಿರಿಯರು ಮತ್ತೆ ಮತ್ತೆ ಬೆರಳು ಒರೆಸಿಕೊಳ್ಳುವುದನ್ನು ನೀವೂ ನೋಡಿರಬಹುದು. ಅಲ್ಲಿನ ಯಂತ್ರಕ್ಕೆ ಬೆರಳಿನ ಗೆರೆಗಳು ಸ್ಪಷ್ಟವಾಗಿ ಕಾಣಬೇಕು. ದುಡಿದು ದುಡಿದು ಆ ಗೆರೆಗಳು ಸವೆದಿರುತ್ತವೆ. ಯಂತ್ರ ಮಾಡಿದವರು ಈ ಕೈಗಳನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಿತ್ತು ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಇನ್ನು ಆ ಚಿತ್ರ ಅಲುಗಾಡಿದ್ದೇಕೆ? ಬೆರಳು ಸುಮಾರು ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತರೆ 'ಇವರು ಒತ್ತಿ ಹಿಡಿದಿದ್ದಾರೆ, ಬೇರೇನೋ ಬೇಕು' ಎಂದು ಫೋನ್ ಅರ್ಥ ಮಾಡಿಕೊಳ್ಳುತ್ತದೆ. ನಿಮ್ಮ ಬೆರಳು ಅದಕ್ಕಿಂತ ಬೇಗ ಮೇಲೇಳುತ್ತದೆ. ಹಳೆಯ ಯಂತ್ರಗಳ ಜೊತೆ ಹತ್ತಾರು ವರ್ಷ ಪಳಗಿದ ಅಜ್ಜಿಯ ಬೆರಳು ನಿಧಾನವಾಗಿ ಏಳುತ್ತದೆ. ಅಜ್ಜಿಗೂ ಫೋನಿಗೂ ನಡುವಿನ ಜಗಳದಲ್ಲಿ ದೊಡ್ಡ ಪಾಲು ಈ ಅರ್ಧ ಸೆಕೆಂಡಿನದು.

ಕಣ್ಣು, ಕಿವಿಗಳದೂ ಒಂದು ಪಾಲಿದೆ. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಬಿಗಿಯಾಗಿ, ಹತ್ತಿರದ ಅಕ್ಷರ ಮಸುಕಾಗುತ್ತದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಕೀರಲು ದನಿ ಹಿಡಿಯುವ ಕೋಶಗಳೇ ಮೊದಲು ಹೋಗುವುದರಿಂದ ಸ, ಶ ತರಹದ ಸದ್ದುಗಳು ತಪ್ಪಿಹೋಗುತ್ತವೆ. ತಾತ ಸ್ಪೀಕರ್ ಹಾಕಿಯೇ ಮಾತಾಡುವುದು ಅದಕ್ಕೆ.

ಆದರೆ ಎಲ್ಲವೂ ದೇಹದ್ದೇ ಅಲ್ಲ, ಕಾಲದ್ದೂ ಇದೆ. ಫೋನಿನಲ್ಲಿ ತಾತ "ಎಲ್ಲ ಆರಾಮ? ಸರಿ, ಇಡ್ತೀನಿ" ಎಂದು ಥಟ್ಟನೆ ಮುಗಿಸುತ್ತಾರಲ್ಲ, ಅದು ಟ್ರಂಕ್ ಕಾಲ್ ಕಲಿಸಿದ ಪಾಠ. ಆಗ ಬೇರೆ ಊರಿಗೆ ಮಾತಾಡಲು ಆಪರೇಟರ್ ಬಳಿ ಕರೆ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಿತ್ತು. ದರವನ್ನು ಮೂರು ಮೂರು ನಿಮಿಷಕ್ಕೆ ಲೆಕ್ಕ ಹಾಕುತ್ತಿದ್ದರು. ಆಮೇಲೆ ಆಪರೇಟರ್ ಇಲ್ಲದೆ ನೇರವಾಗಿ ಬೇರೆ ಊರಿಗೆ ಕರೆ ಮಾಡುವ ಎಸ್‌ಟಿಡಿ ಬೂತುಗಳು ಬಂದವು. ಕೆಂಪು ಅಂಕಿಗಳ ಮೀಟರು ಓಡುತ್ತಿದ್ದರೆ ಎದೆ ಡವಡವ. ರಾತ್ರಿ ದರ ಇಳಿಯುತ್ತದೆಂದು ಜನ ಊಟ ಮಾಡಿ ಬಂದು ಸಾಲು ನಿಲ್ಲುತ್ತಿದ್ದರು. 1995ರಲ್ಲಿ ನಮ್ಮ ದೇಶಕ್ಕೆ ಮೊಬೈಲೂ ಬಂತು, ಜನಸಾಮಾನ್ಯರಿಗೆ ಇಂಟರ್ನೆಟ್ಟೂ ಬಂತು. 2003ರವರೆಗೆ ಮೊಬೈಲಿಗೆ ಬಂದ ಕರೆ ಸ್ವೀಕರಿಸಿದರೂ ದುಡ್ಡು ಕೊಡಬೇಕಿತ್ತು. ನಿಮ್ಮ ಅಪ್ಪ ಅಮ್ಮಂದಿರು ಕಾಲೇಜಿನಲ್ಲಿದ್ದಾಗ ಒಂದು ರಿಂಗ್ ಕೊಟ್ಟು ಕತ್ತರಿಸುವ ಮಿಸ್ಡ್ ಕಾಲ್ ಒಂದು ಭಾಷೆಯೇ ಆಗಿತ್ತು. 2016ರ ನಂತರ ಡೇಟಾ ತೀರಾ ಅಗ್ಗವಾಯಿತು. ವಿಡಿಯೋ ಕಾಲ್ ಹಚ್ಚಿಟ್ಟು ಗಂಟೆಗಟ್ಟಲೆ ಹರಟುವುದನ್ನು ನೀವು ಕಲಿತದ್ದು ಆ ಅಗ್ಗದ ಕಾಲದಲ್ಲಿ.

ಹಾಗಾದರೆ ಹಿರಿಯರು ಹೊಸದನ್ನು ಕಲಿಯಬಲ್ಲರೇ? ಖಂಡಿತ. ಮಿದುಳಿನ ನರಕೋಶಗಳು ಮುಪ್ಪಿನಲ್ಲೂ ಹೊಸ ಸಂಪರ್ಕಗಳನ್ನು ಕಟ್ಟುತ್ತಲೇ ಇರುತ್ತವೆ. ವೇಗ ಕಡಿಮೆ, ಹೆಚ್ಚು ಸಲ ಮಾಡಬೇಕು, ಅಷ್ಟೆ. ಆದರೆ ಮಾಡಬೇಕಾದವರು ಅವರೇ. ನೀವು ಫೋನ್ ಕಿತ್ತುಕೊಂಡು ಮಾಡಿಕೊಟ್ಟರೆ ಅವರ ಬೆರಳಿಗೆ ಅಭ್ಯಾಸವಾಗುವುದೇ ಇಲ್ಲ.

ಅಜ್ಜಿಯ ಅನುಮಾನಕ್ಕೂ ಬೆಲೆ ಕೊಡಿ. "ಯಾರೋ ಗೊತ್ತಿಲ್ಲದವರು ದುಡ್ಡು ಕೊಡ್ತೀನಿ ಅಂತ ಯಾಕೆ ಹೇಳ್ತಾರೆ?" ಎಂಬ ಪ್ರಶ್ನೆ ತುಂಬ ಜಾಣ ಪ್ರಶ್ನೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಯೇ ಇಲ್ಲ. ಹಣ ಬರುತ್ತದೆಂದು ಹೇಳಿ ಪಿನ್ ಕೇಳಿದರೆ ಹಣ ನಮ್ಮ ಖಾತೆಯಿಂದ ಹೊರಗೆ ಹೋಗುತ್ತದೆ ಎಂದೇ ಅರ್ಥ. ಬೇಗ ಬೇಗ ಒತ್ತುವ ನಿಮ್ಮ ಬೆರಳಿಗಿಂತ ತಡೆದು ಯೋಚಿಸುವ ಅವರ ಬೆರಳು ಇಲ್ಲಿ ಸುರಕ್ಷಿತ.

ಈ ಭಾನುವಾರ ಅಜ್ಜಿಯ ಪಕ್ಕ ಕೂತು ಫೋನಿನ ಸೆಟ್ಟಿಂಗ್ಸ್ ತೆರೆಯಿರಿ. ಅಕ್ಷರ ದೊಡ್ಡದು ಮಾಡಿ. ಆಕ್ಸೆಸಿಬಿಲಿಟಿ ಎಂಬಲ್ಲಿ, ಎಷ್ಟು ಹೊತ್ತು ಮುಟ್ಟಿದರೆ 'ಒತ್ತಿ ಹಿಡಿದಂತೆ' ಎಂಬ ಅವಧಿಯನ್ನು ಹೆಚ್ಚಿಸಿ. ಬೆರಳು ತೀರಾ ಒಣಗಿದ್ದರೆ ಚೂರು ತೇವ ಮಾಡಿಕೊಳ್ಳಲು ಹೇಳಿ. ವಿಡಿಯೋ ಕಾಲ್ ಮಾಡುವ ಹೆಜ್ಜೆಗಳನ್ನು ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಡಿ. ಆನ್‌ಲೈನ್ ಮೋಸವಾದರೆ ಕೂಡಲೇ ದೂರು ಕೊಡುವ 1930 ಎಂಬ ಸಹಾಯವಾಣಿ ಸಂಖ್ಯೆಯೂ ಅದೇ ಹಾಳೆಯಲ್ಲಿರಲಿ. ಆಮೇಲೆ ಫೋನನ್ನು ಅಜ್ಜಿಯ ಕೈಗೇ ಕೊಟ್ಟು, ನಿಮ್ಮ ಎರಡೂ ಕೈ ಹಿಂದೆ ಕಟ್ಟಿಕೊಂಡು ಕಲಿಸಿ.