ಹುತಾತ್ಮ ಸಹಪಾಠಿಗಳ ಸ್ಮರಣೆ ಮತ್ತು ನಮ್ಮ ಹೊಣೆ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಒಂದೇ ಬೆಂಚಿನ ಮೇಲೆ ಕುಳಿತು ಕಲಿತವರಲ್ಲಿ ಒಬ್ಬ ಶಿಕ್ಷಕನಾಗುತ್ತಾನೆ, ಒಬ್ಬ ಅಂಗಡಿ ಇಡುತ್ತಾನೆ, ಇನ್ನೊಬ್ಬ ಸೈನ್ಯಕ್ಕೆ ಸೇರುತ್ತಾನೆ. ಸೈನ್ಯಕ್ಕೆ ಹೋದ ಗೆಳೆಯ ತ್ರಿವರ್ಣ ಧ್ವಜ ಹೊದ್ದು ಊರಿಗೆ ಮರಳಿದರೆ ಉಳಿದ ಸಹಪಾಠಿಗಳ ಕರ್ತವ್ಯವೇನು? ಈ ಬಗ್ಗೆ ನಾಲ್ಕು ಮಾತು ಹೇಳಬಯಸುತ್ತೇನೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ನಮಗೆ ವೀರರ ಸ್ಮರಣೆ ಹೊಸದಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಸೈನ್ಯ ಥ್ಯಾಕರೆಯ ಪಡೆಯನ್ನು ಸೋಲಿಸಿತು. ಬಳಿಕ ಸೆರೆಯಾದ ರಾಣಿ ಚನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲೇ ಕೊನೆಯುಸಿರೆಳೆದರು. ಅವರ ಸಮಾಧಿ ಅಲ್ಲೇ ಇದೆ. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಅಲ್ಲಿಯ ಆಲದ ಮರಕ್ಕೆ ಜನ ಇಂದಿಗೂ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ಯಾರ ಆದೇಶಕ್ಕೂ ಕಾಯದೆ ಜನರೇ ಉಳಿಸಿಕೊಂಡ ನೆನಪು ಅದು.

ಇನ್ನೂ ಹಿಂದಕ್ಕೆ ಹೋದರೆ ಈ ನಾಡಿನಲ್ಲಿ ವೀರಗಲ್ಲುಗಳಿವೆ. ಊರಿನ ದನಕರು ಉಳಿಸಲು, ಊರು ಕಾಯಲು ಹೋರಾಡಿ ಸತ್ತವರಿಗೆ ನಿಲ್ಲಿಸಿದ ಕಲ್ಲುಗಳು ಇವು. ನಮ್ಮ ಹಿರಿಯರು ಕಲ್ಲು ನಿಲ್ಲಿಸಿ ಕೈತೊಳೆದುಕೊಳ್ಳಲಿಲ್ಲ. ಸತ್ತವನ ಕುಟುಂಬಕ್ಕೆ ಭೂಮಿಯನ್ನೂ ಬಿಟ್ಟುಕೊಡುತ್ತಿದ್ದರು. ಶಾಸನಗಳಲ್ಲಿ ಇದಕ್ಕೆ 'ನೆತ್ತರುಗೊಡಗೆ' ಎಂಬ ಹೆಸರಿದೆ. ಕಲ್ಲು ಹೆಸರನ್ನು ಉಳಿಸಿತು, ಭೂಮಿ ಮನೆಯನ್ನು ಉಳಿಸಿತು. ಎರಡೂ ಸೇರಿದರೇ ಸ್ಮಾರಕ.

ಈಗ ನಮ್ಮ ರೂಢಿ ನೋಡಿ. ಅಂತ್ಯಕ್ರಿಯೆಯ ದಿನ ಊರ ತುಂಬ ಬ್ಯಾನರ್, ಮೆರವಣಿಗೆ, ಭಾಷಣ. ವರ್ಷ ಕಳೆಯುವುದರೊಳಗೆ ಆ ಮನೆಯ ಬಾಗಿಲಿಗೆ ಹೋಗುವವರೇ ಕಡಿಮೆ. ತಾಯಿಯ ಔಷಧಿ, ಹೆಂಡತಿಯ ಕಾಗದಪತ್ರ, ಮಕ್ಕಳ ಫೀಸು ಎಲ್ಲವೂ ಆ ಮನೆಯವರ ಪಾಲಿಗೇ ಉಳಿಯುತ್ತವೆ.

ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಅವರ ಹೆಸರನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು. 1948ರ ಜುಲೈ 3ರಂದು ಕಾಶ್ಮೀರದ ಝಂಗಡ್‌ನಲ್ಲಿ ಹುತಾತ್ಮರಾದ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂದಿತು. ಅವರು ಮದುವೆಯಾಗಿರಲಿಲ್ಲ. ಸಂಬಳದ ದೊಡ್ಡ ಪಾಲು ಬಡ ಮಕ್ಕಳ ಓದಿಗೆ ಹೋಗುತ್ತಿತ್ತು. ಅವರ ಗೋರಿ ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಕಬರಸ್ತಾನದಲ್ಲಿದೆ. 2020ರ ಕೊನೆಗೆ ಅದು ಒಡೆದಿರುವ ಸುದ್ದಿ ಬಂದಾಗ ಸೇನೆ ಮುಂದೆ ಬಂದು ದುರಸ್ತಿ ಮಾಡಿಸಿತು. ಮಹಾವೀರ ಚಕ್ರ ಪಡೆದವರ ಗೋರಿಗೇ ಈ ಸ್ಥಿತಿ ಬಂದೀತಾದರೆ, ಹಳ್ಳಿಯ ಸಾಮಾನ್ಯ ಸಿಪಾಯಿಯ ನೆನಪನ್ನು ಕಾಯುವವರು ಯಾರು? ಜೊತೆಗೆ ಓದಿದವರೇ ಕಾಯಬೇಕು.

ಆದ್ದರಿಂದ ಮೂರು ಸಲಹೆ ಇಡುತ್ತೇನೆ.

ಒಂದು, ನಾಲ್ಕೂ ತಾಲೂಕಿನ ಪ್ರತಿ ಶಾಲೆಯ ಹಳೆಯ ದಾಖಲೆ ಪುಸ್ತಕ ತೆಗೆದು, ಸೇವೆಯಲ್ಲಿ ಮಡಿದ ಹಳೆಯ ವಿದ್ಯಾರ್ಥಿಗಳ ಹೆಸರನ್ನು ಜಾತಿ ಮತ ನೋಡದೆ ಒಂದು ಫಲಕದ ಮೇಲೆ ಬರೆಸೋಣ. ರಣರಂಗದಲ್ಲಿ ಅವರು ಒಂದೇ ಸಾಲಿನಲ್ಲಿ ನಿಂತವರು, ಫಲಕದ ಮೇಲೂ ಹಾಗೆಯೇ ಇರಲಿ.

ಎರಡು, ಪ್ರತಿಮೆಯ ಬದಲು ಅವರ ಹೆಸರಿನಲ್ಲಿ ವಾಚನಾಲಯ, ಕುಡಿಯುವ ನೀರಿನ ಟಾಕಿ, ವಿದ್ಯಾರ್ಥಿವೇತನ ಆಗಲಿ. ನಮ್ಮ ದೀನ್‌ನಲ್ಲಿ ಇದಕ್ಕೆ ಸದಖಾ ಜಾರಿಯಾ ಎನ್ನುತ್ತಾರೆ. ಜನ ಬಳಸುವವರೆಗೆ ಅದರ ಪುಣ್ಯ ಹರಿಯುತ್ತಲೇ ಇರುತ್ತದೆ.

ಮೂರು, ಪ್ರತಿ ಕುಟುಂಬಕ್ಕೆ ಇಬ್ಬರು ಸಹಪಾಠಿಗಳು ಹೊಣೆಯಾಗಲಿ. ಬೆಳಗಾವಿಯ ಸೈನಿಕ ಕಲ್ಯಾಣ ಕಚೇರಿಗೆ ಜೊತೆಗೆ ಹೋಗಿ ಬರಲಿ. 2006ರಲ್ಲಿ ಆರಂಭವಾದ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಯೋಜನೆಯಲ್ಲಿ ವೃತ್ತಿಪರ ಕೋರ್ಸುಗಳಿಗೆ, 2019ರ ಹೆಚ್ಚಳದ ನಂತರ, ಹೆಣ್ಣುಮಕ್ಕಳಿಗೆ ತಿಂಗಳಿಗೆ 3000, ಗಂಡುಮಕ್ಕಳಿಗೆ 2500 ರೂಪಾಯಿ ನಿಗದಿಯಾಗಿದೆ. ಅರ್ಜಿ ತುಂಬಿಕೊಡುವುದೂ ಒಂದು ಸೇವೆಯೇ. ಅನಾಥರನ್ನು ಪೊರೆಯುವವನಿಗೆ ಪ್ರವಾದಿಯವರು (ಸ.ಅ.) ತಮ್ಮ ಸಾಮೀಪ್ಯದ ಸುವಾರ್ತೆ ಕೊಟ್ಟಿದ್ದಾರೆ ಎಂಬುದನ್ನು ಮರೆಯಬಾರದು.

ವಿದ್ಯಾರ್ಥಿ ಮಿತ್ರರೇ, ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ಅಂದು ಧ್ವಜದ ಚೀಟಿ ಅಂಟಿಸಿಕೊಂಡಷ್ಟಕ್ಕೇ ನಿಲ್ಲದೆ, ನಿಮ್ಮ ಊರಿನ ಹುತಾತ್ಮ ಯೋಧನ ಮನೆಗೆ ಹೋಗಿ, ಆ ತಾಯಿಗೆ ಸಲಾಮ್ ಹೇಳಿ, ಅರ್ಧ ತಾಸು ಕುಳಿತು ಬನ್ನಿ. ಮಗನ ಶಾಲೆಯಿಂದ ಮಕ್ಕಳು ಬಂದಿದ್ದಾರೆಂದರೆ ಆಕೆಗೆ ಎಷ್ಟು ಸಮಾಧಾನವಾಗುತ್ತದೆ ಎಂಬುದನ್ನು ಕಣ್ಣಾರೆ ಕಾಣುವಿರಿ.

ಈ ಕೆಲಸಕ್ಕೆ ಅಲ್ಲಾಹನು ನಮಗೆಲ್ಲ ಶಕ್ತಿ ಕೊಡಲಿ ಎಂದು ಪ್ರಾರ್ಥಿಸುತ್ತೇನೆ. ಜೈ ಹಿಂದ್, ಜೈ ಕರ್ನಾಟಕ.