ಕೈಜಾರದ ಫೋನು



ನಾವು ಮಿಲ್ಲಿನ ಲೆಕ್ಕ ಬರೆಯುವವರು, ಯಂತ್ರಶಾಸ್ತ್ರ ಓದಿದವರಲ್ಲ. ಆದರೆ ಕಳೆದ ಮಳೆಗಾಲ ಲೋಕಲ್ ಗಾಡಿಯ ನೂಕುನುಗ್ಗಲಲ್ಲಿ ನಮ್ಮ ಫೋನು ಕೈಜಾರಿ ಹಳಿಗೆ ಬಿತ್ತು. ಎಂಟು ದಿನ ಊರಿನಲ್ಲಿರುವ ತಾಯಿಯ ದನಿ ಕೇಳಲಿಲ್ಲ. ಈ ವಿಚಾರ ತಲೆಗೆ ಹತ್ತಿದ್ದು ಆಗಲೇ.

ಇನ್ನೂರು ಗ್ರಾಂ ಭಾರವೇನಲ್ಲ. ಆದರೆ ಅಗಲವಾದ ಫೋನನ್ನು ಕಿರುಬೆರಳ ಮೇಲೆ ಕೂರಿಸಿ ಹೆಬ್ಬೆರಳನ್ನು ಮೂಲೆಗೆ ಚಾಚಿದಾಗ ಹಿಡಿತ ಸಡಿಲುತ್ತದೆ, ಬೆರಳ ಬುಡ ನೋಯುತ್ತದೆ. ಅಮೆರಿಕದ ಕೊಲೊರಾಡೋದಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ಡೇವಿಡ್ ಬಾರ್ನೆಟ್ ಎಂಬುವರು 2010ರಲ್ಲಿ, ಕಿವಿಗೆ ಹಾಕುವ ತಂತಿಯ ಸಿಕ್ಕು ತಾಳಲಾರದೆ, ಫೋನಿನ ಬೆನ್ನಿಗೆ ಎರಡು ದೊಡ್ಡ ಗುಂಡಿ ಅಂಟಿಸಿದರು. (ತತ್ತ್ವಜ್ಞಾನಿಗೂ ಸಿಕ್ಕು ಸಿಕ್ಕೇ!) ಅದೇ ಮುಂದೆ ಹಾರ್ಮೋನಿಯಂ ತಿದಿಯಂತೆ ಮಡಚುವ ‘ಪಾಪ್‌ಸಾಕೆಟ್’ ಆಯಿತು. ಅದರ ಕತ್ತನ್ನು ಎರಡು ಬೆರಳ ನಡುವೆ ಸಿಕ್ಕಿಸಿಕೊಂಡರೆ ಹೆಬ್ಬೆರಳಿಗೆ ಬಿಡುವು.

ನಾವು ಮಾಡಿದ್ದು ಇನ್ನೂ ಸುಲಭ. ಫೋನಿನ ಹೊದಿಕೆಯಲ್ಲಿ ಎರಡು ಸೀಳು, ಅದರೊಳಗೆ ಬೆರಳು ತೂರುವಷ್ಟು ನೂಲಿನ ಪಟ್ಟಿ. ನಿಲ್ಲಿಸಲು ರಟ್ಟಿನ ಮಡಿಕೆ. ಮೊದಲನೆಯದು ಬೆರಳು ತಾಕಿದೊಡನೆ ಹಿಂದಕ್ಕೆ ಉರುಳಿತು; ಹಿಂಗಾಲನ್ನು ಎರಡಂಗುಲ ಉದ್ದ ಮಾಡಿದೆವು, ನಿಂತಿತು. ಈಗ ತಾಯಿಯ ಮುಖ ನೋಡುತ್ತಲೇ ನಮ್ಮ ರಾತ್ರಿಯೂಟ.

ಬೇಕಾದವರು ಭಾನುವಾರ ಸೂಜಿ ತನ್ನಿ. ಪಟ್ಟಿ ನಾವು ತರುತ್ತೇವೆ.